ಬಾವಿಯ ಕಲ್ಲು, ಗುಡ್ಡದ ಕಲ್ಲು

ಕುಮಟಾದವರಿಗೆ ತಾವು ಎಂಥ ನೆಲದ ಮೇಲೆ ಕೂತಿದ್ದೇವೆ ಎಂಬ ಹೆಮ್ಮೆ ಚೂರೂ ಇಲ್ಲ. ಘಟ್ಟದ ಮೇಲಿನವರು ಬಂದು ನಮ್ಮ ಬೆಟ್ಟ, ನಮ್ಮ ಜಲಪಾತ ಎಂದು ಜಂಬ ಕೊಚ್ಚಿಕೊಂಡರೆ ನಮ್ಮವರು ಹೌದೌದು ಎಂದು ತಲೆಯಾಡಿಸಿ, ಬಂಗಡೆ ಮೀನು ಬಂತೋ ಎಂದು ನೋಡಲು ಪೇಟೆಗೆ ಹೋಗುತ್ತಾರೆ. ನನಗೆ ಅದಾಗುವುದಿಲ್ಲ. ನೂರು ಕೋಟಿ ವರ್ಷಕ್ಕೂ ಹಿಂದೆ ಎರಡು ನೆಲಗಳು ಒಂದಕ್ಕೊಂದು ಗುದ್ದಿ ಬೆಸೆದುಕೊಂಡ ಹೊಲಿಗೆ ನಮ್ಮ ಕುಮಟಾದ ಕೆಳಗೇ ಹಾದುಹೋಗಿದೆ ಎಂದು ಕಲ್ಲು ಓದಿದವರಲ್ಲಿ ಕೆಲವರು ಹೇಳುತ್ತಾರೆ. ಒಪ್ಪದವರೂ ಇದ್ದಾರೆ. ನಾನು ಒಪ್ಪುವವರ ಕಡೆ, ಮತ್ತು ಘಟ್ಟದ ಮೇಲಿನ ಯಾರು ಸಿಕ್ಕಿದರೂ ಹೇಳದೆ ಬಿಡುವುದಿಲ್ಲ: ನೀವು ಹತ್ತಿ ನಿಂತು ಫೋಟೊ ತೆಗೆಸಿಕೊಳ್ಳುವ ಘಟ್ಟದ ಅಂಚು ಈಚಿನದು, ಮಡಗಾಸ್ಕರ್ ನಮ್ಮ ಪಕ್ಕದಿಂದ ಹರಿದುಕೊಂಡು ಹೋದಮೇಲೆ ಎದ್ದು ನಿಂತದ್ದು. ಅದಕ್ಕಿಂತ ಎಷ್ಟೋ ಹಿಂದೆ ಇಲ್ಲೊಂದು ಬೆಟ್ಟಸಾಲು ಇತ್ತು. ಮಳೆ, ಗಾಳಿ, ಹೊಳೆ ಸೇರಿ ಅದನ್ನು ತಲೆಯಿಂದ ಸೊಂಟದವರೆಗೆ, ಸೊಂಟದಿಂದ ಪಾದದವರೆಗೆ ಸವೆಸಿದವು. ಈಗ ಉಳಿದಿರುವುದು ಅದರ ಬೇರು. ನಾವು ಮನೆ ಕಟ್ಟಿರುವುದು ಆ ಬೇರಿನ ಮೇಲೆ.

ಎರಡು ನೆಲಗಳು ಕೂಡುವ ಮೊದಲು ನಡುವೆ ಒಂದು ಸಮುದ್ರವಿತ್ತು. ಅದರ ತಳದ ಕೆಸರು, ಮರಳು, ಸುಣ್ಣ ಎಲ್ಲವೂ ನಡುವೆ ಸಿಕ್ಕಿ, ಮಡಚಿ, ಹತ್ತಾರು ಕಿಲೋಮೀಟರ್ ಆಳಕ್ಕೆ ಇಳಿದವು. ಅಲ್ಲಿನ ಕಾವಿಗೂ ಒತ್ತಡಕ್ಕೂ ಕೆಸರು ಕರಗಲಿಲ್ಲ, ಕರಗದೆಯೇ ಬೇರೆ ಕಲ್ಲಾಯಿತು. ರೂಪಾಂತರ ಶಿಲೆ ಎಂದು ಪಾಠದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನಾನು ತರಗತಿಗೆ ಅವಲಕ್ಕಿ ತೆಗೆದುಕೊಂಡು ಹೋಗುತ್ತೇನೆ. ಒಂದು ಮುಷ್ಟಿ ಅವಲಕ್ಕಿಗೆ ನೀರು ಚಿಮುಕಿಸಿ ಎರಡು ಅಂಗೈ ನಡುವೆ ಒತ್ತಿದರೆ ಅಡ್ಡಾದಿಡ್ಡಿ ಇದ್ದ ಪಕಳೆಗಳೆಲ್ಲ ಒಂದೇ ದಿಕ್ಕಿಗೆ ಚಪ್ಪಟೆ ಮಲಗುತ್ತವೆ. ಒತ್ತಿದ ಕಲ್ಲಿನಲ್ಲಿ ಕಾಗೆಬಂಗಾರದ ತೆಳು ಹಾಳೆಗಳು ಹಾಗೆಯೇ ಮಲಗುತ್ತವೆ, ನಡುನಡುವೆ ಕೆಂಪು ಗಾರ್ನೆಟ್ ಹರಳುಗಳು ಬೆಳೆಯುತ್ತವೆ. ಆ ಕಲ್ಲನ್ನು ಅಡ್ಡಕ್ಕೆ ಒಡೆಯುವುದು ಕಷ್ಟ. ಪದರಿನ ಗುಂಟ ಬಿಡಿಸುವುದು ಸುಲಭ. ಈ ಕಥೆ ನಡೆದದ್ದು ಈ ಒಂದು ಗುಣದಿಂದ.

ನಾನು ಕಾಯ್ಕಿಣಿಯವಳು. ಅಪ್ಪ ಬಾವಿ ತೋಡುವವರು. ಭಟ್ಕಳ, ಹೊನ್ನಾವರ ತಾಲೂಕುಗಳಲ್ಲಿ ಅವರು ಇಳಿಯದ ಊರಿಲ್ಲ. ಮೇಲೆ ಕೆಂಪುಕಲ್ಲು, ಅದರ ಕೆಳಗೆ ಬೆಣ್ಣೆಯಂತೆ ಜಾರುವ ಬಿಳಿ ಶೇಡಿ ಮಣ್ಣು, ಅದರ ಕೆಳಗೆ ಕಪ್ಪುಬಿಳಿ ಪಟ್ಟೆಯ ಗಟ್ಟಿ ಬಂಡೆ, ಇಷ್ಟು ಅವರಿಗೆ ಕಣ್ಣು ಮುಚ್ಚಿಯೂ ಗೊತ್ತು. ನಾನು ಧಾರವಾಡಕ್ಕೆ ಹೋಗಿ ಭೂವಿಜ್ಞಾನ ಓದುತ್ತೇನೆ ಎಂದಾಗ ಊರಿನವರು ನಕ್ಕರು. ಅಪ್ಪ ಗುಂಡಿಲಿ ಕಂಡದ್ದನ್ನು ಮಗಳು ಫೀಸು ಕಟ್ಟಿ ಕಾಣೂಕೆ ಹೋತಾಳಂತೆ ಎಂದರು. ಓದು ಮುಗಿಸಿ ಬಂದರೆ ಕಲ್ಲಿನ ಕೆಲಸ ಯಾರೂ ಕೊಡಲಿಲ್ಲ. ಬಿ.ಎಡ್. ಮಾಡಿ ಕುಮಟಾ ತಾಲೂಕಿನ ಒಂದು ಪ್ರೌಢಶಾಲೆಗೆ ವಿಜ್ಞಾನದ ಅಕ್ಕೋರಾಗಿ ಸೇರಿದೆ. ಅದಕ್ಕೆ ನನಗೆ ಬೇಜಾರಿಲ್ಲ. ನನ್ನ ಮಾತಿಗೆ ಕಿವಿ ಕೊಡದವರ ಮೇಲೆ ಸಿಟ್ಟಿದೆ.

ಶಾಲೆಯ ಹಿಂದೆ ಒಂದು ಗುಡ್ಡ. ರಸ್ತೆ ಅಗಲ ಮಾಡುವಾಗ ತಗ್ಗು ತುಂಬಲು ಅದರ ಒಂದು ಬದಿಯನ್ನೇ ಜೆಸಿಬಿ ತಂದು ಕೆರೆದುಕೊಂಡು ಹೋದರು. ಉಳಿದದ್ದು ತೆಂಗಿನ ಮರದಷ್ಟು ಎತ್ತರದ ಬೆತ್ತಲೆ ಗೋಡೆ. ಅದನ್ನು ಮೊದಲ ಸಲ ಕಂಡ ದಿನ ನಾನು ಸಂಭ್ರಮಪಟ್ಟೆ, ಸುಳ್ಳು ಹೇಳುವುದಿಲ್ಲ. ನನ್ನ ಹಳೆಯ ಬೆಟ್ಟದ ಬೇರು ಶಾಲೆಯ ಹಿತ್ತಲಲ್ಲೇ ಎದ್ದು ಕಾಣುತ್ತಿತ್ತು: ಬೂದಿಹಸಿರು ಪದರುಗಲ್ಲು, ಬಿಸಿಲಿಗೆ ಮಿಣಮಿಣ ಎನ್ನುವ ಕಾಗೆಬಂಗಾರ, ಸಾಸಿವೆ ಗಾತ್ರದ ಕೆಂಪು ಹರಳು. ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ ತೋರಿಸಿದೆ. ಎರಡನೇ ಸಲ ಹೋದಾಗ ಪದರು ವಾಲಿದ ದಿಕ್ಕು ನೋಡಿದೆ. ಪದರುಗಳೆಲ್ಲ ಶಾಲೆಯ ಕಡೆಗೇ ಇಳಿಜಾರಾಗಿದ್ದವು. ಕಪಾಟಿನಲ್ಲಿ ಓರೆಯಾಗಿ ನಿಂತ ಪುಸ್ತಕಗಳಿಗೆ ತುದಿಯಲ್ಲಿ ಒಂದು ದಪ್ಪ ಪುಸ್ತಕ ಆನಿಸಿರುತ್ತೇವಲ್ಲ, ಜೆಸಿಬಿ ಆ ದಪ್ಪ ಪುಸ್ತಕವನ್ನೇ ಎಳೆದುಕೊಂಡು ಹೋಗಿತ್ತು. ಅಂದಿನಿಂದ ಮಕ್ಕಳನ್ನು ಆ ಕಡೆ ಬಿಡುವುದು ನಿಲ್ಲಿಸಿದೆ.

ಅದರ ಬುಡಕ್ಕೇ ಎರಡು ಕೋಣೆಯ ಹೊಸ ಕಟ್ಟಡ ಮಂಜೂರಾಯಿತು.

ಜಾಗ ಆರಿಸಿದವರು ಶಾಲಾ ಸಮಿತಿಯ ಅಧ್ಯಕ್ಷರು. ಕೆಟ್ಟ ಮನುಷ್ಯರಲ್ಲ, ಶಾಲೆಗೆ ಓಡಾಡಿ ಕೆಲಸ ಮಾಡಿಸುವವರು. ಆದರೆ ಅವರಿಗೆ ವಾಲಿಬಾಲ್ ಹುಚ್ಚು. ಮುಂದಿನ ಅಂಗಳದಲ್ಲಿ ವರ್ಷಕ್ಕೊಂದು ಟೂರ್ನಮೆಂಟ್ ಆಗಬೇಕು, ಆದ್ದರಿಂದ ಕಟ್ಟಡ ಹಿಂದಕ್ಕೆ ಹೋಗಬೇಕು. ಬಂದ ಇಂಜಿನಿಯರು ಗೋಡೆಗೆ ಬೂಟಿನಿಂದ ಒದ್ದು "ಹಾರ್ಡ್ ರಾಕ್ ಮೇಡಂ, ಚಿಂತೆ ಬೇಡ" ಎಂದರು. ಗಟ್ಟಿ ಎಂಬುದರಲ್ಲಿ ನನಗೂ ಅನುಮಾನವಿರಲಿಲ್ಲ. ಗಟ್ಟಿ ಕಲ್ಲೂ ಜಾರುತ್ತದೆ ಎಂದೆ. ಅವರು ಗಡಿಯಾರ ನೋಡಿಕೊಂಡರು.

ಹೆಡ್‌ಮಾಸ್ತರು ತೋಟದ ಕಡೆಯ ಊರಿನವರು, ಜಗಳ ಕಂಡರೆ ಆಗದವರು. "ಅಕ್ಕೋರೆ, ಮಾರ್ಚ್ ಒಳಗೆ ಕೆಲ್ಸ ಶುರು ಆಗದಿದ್ರೆ ಅನುದಾನ ವಾಪಸ್ ಹೋಗ್ತು. ಒಂಬತ್ತನೇ ಕ್ಲಾಸಿನ ಮಕ್ಕೊ ವರಾಂಡದಲ್ಲಿ ಕೂತಿದ್ದೊ, ನಿಮಗೆ ಗೊತ್ತಿದ್ದು ಅಲ್ದಾ?" ಎಂದರು. ಗೊತ್ತಿತ್ತು. ಆ ಮಕ್ಕಳಿಗೆ ಪಾಠ ಮಾಡುತ್ತಿದ್ದವಳು ನಾನೇ. ವರಾಂಡದಲ್ಲಿ ಮಳೆ ಬಂದರೆ ನೆನೆಯುತ್ತಾರೆ, ಅಲ್ಲಿ ಮಳೆ ಬಂದರೆ ಹುಗಿದುಹೋಗುತ್ತಾರೆ ಎಂದೆ. ಮಾತು ಒರಟಾಯಿತು. ಸಮಿತಿಯವರ ಮುಖ ಗಂಟಿಕ್ಕಿತು.

ಆಗ ಅಧ್ಯಕ್ಷರು ತಮಗೆ ತೋಚಿದ ಒಳ್ಳೆಯ ಉಪಾಯ ಹೇಳಿದರು. "ಅಕ್ಕೋರ ಅಪ್ಪನ್ನೇ ಕರ್ಸುವ. ಕಲ್ಲಿನ ವಿಷ್ಯದಲ್ಲಿ ಅವ್ರ ಮಾತೇ ಕಡೇದು. ಆತಾ?" ಎಲ್ಲರೂ ಆತು ಎಂದರು. ನಾನೂ ಆತು ಎಂದೆ. ನನ್ನ ಅಪ್ಪನಲ್ಲವೇ, ನನ್ನ ಕಡೆಗೇ ಹೇಳುತ್ತಾರೆ ಎಂದುಕೊಂಡಿದ್ದೆ.

ಅಪ್ಪ ಹೊನ್ನಾವರದಲ್ಲಿ ಬಸ್ಸು ಬದಲಿಸಿ, ಗೋಣಿಯಲ್ಲಿ ಸುತ್ತಿದ ಹಾರೆ ಹಿಡಿದುಕೊಂಡು ಬಂದರು. ಎಪ್ಪತ್ತು ದಾಟಿದ್ದರೂ ಹಾರೆಯಿಲ್ಲದೆ ಕಲ್ಲಿನ ಎದುರು ನಿಲ್ಲುವುದು ಅವರಿಗೆ ಮರ್ಯಾದೆಯಲ್ಲ. ಸಮಿತಿಯವರು, ಮಾಸ್ತರರು, ಬಿಸಿಯೂಟದ ಹೆಂಗಸರು, ಮಕ್ಕಳು ಎಲ್ಲ ಸುತ್ತ ನಿಂತರು. ಅಪ್ಪ ಗೋಡೆಗೆ ಹಾರೆಯಿಂದ ಒಂದೊಂದೇ ಏಟು ಹಾಕಿ, ಕಿವಿ ಆನಿಸಿ ಕೇಳುತ್ತಾ ಈ ತುದಿಯಿಂದ ಆ ತುದಿಗೆ ಹೋದರು. ಠಣ್ ಎಂದರೆ ಕಲ್ಲಿಗೆ ಜೀವವಿದೆ, ಬೊದ್ ಎಂದರೆ ಸತ್ತಿದೆ. ಎಲ್ಲ ಕಡೆ ಠಣ್ ಎಂದಿತು.

"ಕಲ್ಲಿಗೆ ಜೀವ ಅದೆ. ಎಂತದೂ ಆಗೂದಿಲ್ಲ. ಕಟ್ಟಿ" ಎಂದರು ಅಪ್ಪ.

ಚಪ್ಪಾಳೆ ಬಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ, ಅಂದು ನನ್ನ ಅಪ್ಪನೇ ಆ ಗಿಡವನ್ನು ಎಲ್ಲರೆದುರು ಕಿತ್ತು ಎಸೆದರು. ನನಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು. ಉಳಿದ ಎರಡು ಪೀರಿಯಡ್‌ನಲ್ಲಿ ಏನು ಕಲಿಸಿದೆ ಎಂದು ಈಗಲೂ ನೆನಪಿಲ್ಲ.

ಸಂಜೆ ನನ್ನ ಬಾಡಿಗೆ ಮನೆಯಲ್ಲಿ ಅಪ್ಪನಿಗೆ ಚಾ ಕೊಟ್ಟೆ, ಲೋಟ ಕುಕ್ಕಿಯೇ ಕೊಟ್ಟೆ.

"ಎಂತಕ್ಕೆ ಸಿಟ್ಟು? ಕಂಡದ್ದನ್ನ ಹೇಳ್ದೆ. ಮಗಳು ಅಂದ್ಕಂಡು ಸುಳ್ಳು ಹೇಳೂಕೆ ಆತದ್ಯಾ?" ಎಂದರು.

"ನೀವು ಕಂಡದ್ದು ಬಾವಿ. ಗುಡ್ಡವನ್ನು ಕಾಣಲೇ ಇಲ್ಲ" ಎಂದೆ.

ಅವರಿಗೆ ಅರ್ಥವಾಗಲಿಲ್ಲ, ನನಗೂ ಆ ಮಾತು ಬಾಯಿಂದ ಬಂದಮೇಲೆಯೇ ಅರ್ಥವಾದದ್ದು. ಐವತ್ತು ವರ್ಷ ಅಪ್ಪ ಕಲ್ಲನ್ನು ಒಳಗಿನಿಂದ ನೋಡಿದವರು. ಬಾವಿ ಎಂದರೆ ಸುತ್ತ ಕಲ್ಲು. ಈ ಬದಿಯ ಪದರು ಜಾರಿ ಬರಲು ನೋಡಿದರೆ ಎದುರು ಬದಿ ಅದನ್ನು ತಡೆಯುತ್ತದೆ, ಅಕ್ಕಪಕ್ಕದ್ದೂ ಆಸರೆ ಕೊಡುತ್ತದೆ. ಆದ್ದರಿಂದ ಬಾವಿಯವರಿಗೆ ಕಲ್ಲು ಗಟ್ಟಿಯೋ ಅಲ್ಲವೋ ಎಂಬ ಪ್ರಶ್ನೆ ಒಂದೇ ಸಾಕು. ಪದರು ಯಾವ ಕಡೆ ವಾಲಿದೆ ಎಂದು ಅವರು ಕೇಳುವುದಿಲ್ಲ, ಕೇಳಬೇಕಾದ ಪ್ರಸಂಗವೇ ಬರುವುದಿಲ್ಲ. ಮೇಲಾಗಿ ಅವರ ಬಾವಿಗಳ ತಳದಲ್ಲಿ ಸಿಗುತ್ತಿದ್ದದ್ದು ಪಟ್ಟೆಯ ಬಂಡೆ, ಈ ಪದರುಗಲ್ಲಲ್ಲ.

"ಅಪ್ಪಾ, ಒಂದು ಬದಿಯೇ ಇಲ್ಲದ ಬಾವಿಯನ್ನು ಯಾವಾಗಾದರೂ ತೋಡಿದ್ದೀರಾ?" ಎಂದು ಕೇಳಿದೆ.

ಅಪ್ಪ ಚಾ ಕುಡಿಯುವುದನ್ನು ನಿಲ್ಲಿಸಿದರು. ಬೇರೆಯದೇ ಕೇಳಿದರು. "ಆ ಕಲ್ಲು ಮೊದ್ಲು ಎಂತ ಆಗಿತ್ತು?"

ಸಮುದ್ರದ ತಳದ ಕೆಸರು ಎಂದೆ. ಎರಡು ನೆಲ ಗುದ್ದಿದ್ದು, ಕೆಸರು ಆಳಕ್ಕೆ ಹೋದದ್ದು, ಅಲ್ಲಿ ಚಪ್ಪಟೆಯಾಗಿ ಹಾಳೆ ಹಾಳೆಯಾದದ್ದು, ಮೇಲಿನ ಬೆಟ್ಟವೆಲ್ಲ ಸವೆದು ಆಳದ ಕಲ್ಲು ಬೆಳಕಿಗೆ ಬಂದದ್ದು ಎಲ್ಲ ಹೇಳಿದೆ. ಇಷ್ಟು ವರ್ಷಗಳಲ್ಲಿ ನಾನು ಓದಿದ್ದನ್ನು ಅಪ್ಪ ಕೇಳಿದ್ದು ಅದೇ ಮೊದಲು, ನಾನು ಹೇಳಿದ್ದೂ ಅದೇ ಮೊದಲು. ಅವರು ತಲೆ ತಗ್ಗಿಸಿ ಕೇಳಿದರು.

"ಕೆಸರು ಆಗಿದ್ದದ್ದು ಮತ್ತೆ ಕೆಸರು ಆಗೂಕೆ ನೋಡ್ತದೆ ಮಗಾ" ಎಂದು ಎದ್ದು ಊಟಕ್ಕೆ ಕೂತರು.

ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಇಲ್ಲ, ನನ್ನ ಕೊಡಪಾನವೂ ಇಲ್ಲ. ಶಾಲೆಯ ಹಿಂದೆ ಓಡಿದೆ. ಅಪ್ಪ ಸುತ್ತು ಹಾದಿಯಲ್ಲಿ ಗುಡ್ಡ ಹತ್ತಿ ನೆತ್ತಿಯ ಮೇಲಿದ್ದರು. ಬಾವಿಯವರಲ್ಲಿ ಒಂದು ಪದ್ಧತಿಯಿದೆ. ಬಂಡೆಯಲ್ಲಿ ಬಿರುಕು ಕಂಡರೆ ಅದಕ್ಕೆ ಕೊಡ ನೀರು ಹೊಯ್ದು, ನೀರು ಎಲ್ಲಿ ಹೋಗುತ್ತದೆ ಎಂದು ಕಾಯುತ್ತಾರೆ. ಹಿಂದಿನ ದಿನ ಅಪ್ಪ ಅದನ್ನು ಮಾಡಿರಲಿಲ್ಲ, ನೀರು ಹುಡುಕಲು ಬಂದವರಲ್ಲವಲ್ಲ. ಈಗ ನೆತ್ತಿಯ ಹುಲ್ಲಿನ ನಡುವೆ ಬೆರಳು ತೂರುವಷ್ಟು ಬಿರುಕಿಗೆ ನೀರು ಹೊಯ್ದರು. ನಾನು ಕೆಳಗೆ ನಿಂತು ಕಾದೆ. ಅಪ್ಪ ಇಳಿದು ಮತ್ತೆ ತುಂಬಿಕೊಂಡು ಹೋದ ಎರಡನೇ ಕೊಡ ಮುಗಿಯುವುದರೊಳಗೆ ಗೋಡೆಯ ಬುಡದಲ್ಲಿ, ಎರಡು ಪದರುಗಳ ನಡುವಿನಿಂದ, ನೀರು ಜಿನುಗಿತು. ಬರಿ ನೀರಲ್ಲ, ಬೂದಿಹಸಿರು ಲೋಳೆ. ಅಪ್ಪ ಇಳಿದು ಬಂದು ಅದನ್ನು ಎರಡು ಬೆರಳಿನ ನಡುವೆ ತಿಕ್ಕಿದರು. ಬೆರಳು ಮಿಣಮಿಣ ಎಂದಿತು. ಒಂದರ ಮೇಲೊಂದು ಸರಕ್ಕನೆ ಜಾರಿತು.

"ಇಡೀ ಗುಡ್ಡ ಇದ್ರ ಮೇಲೆ ಕೂತದೆ" ಎಂದರು. ಅವರ ಮುಖ ಕಂದಿತ್ತು.

ಅಪ್ಪನ ಕಸುಬಿನಲ್ಲಿ ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳುವ ರೂಢಿಯಿಲ್ಲ. ಇಲ್ಲಿ ನೀರಿದೆ ಎಂದು ಜಾಗ ತೋರಿಸಿ ನೀರು ಬಾರದಿದ್ದರೆ ಇನ್ನೊಂದು ಬಾವಿ ಪುಕ್ಕಟೆ ತೋಡಿಕೊಡುತ್ತಾರೆಯೇ ಹೊರತು ತಪ್ಪಿದೆ ಎನ್ನುವುದಿಲ್ಲ. ಅಂದು ಅಪ್ಪ ಹೆಡ್‌ಮಾಸ್ತರ ಕೋಣೆಯಲ್ಲಿ, ಸಮಿತಿಯ ಎದುರು ನಿಂತುಕೊಂಡೇ ಹೇಳಿದರು. "ನಿನ್ನೆ ನಾ ಹೇಳಿದ್ದು ತಪ್ಪು. ಅದು ಬಾವಿಗೆ ಒಪ್ಪೂ ಕಲ್ಲು. ಅದ್ರ ಬುಡದಲ್ಲಿ ಮಕ್ಕಳನ್ನ ಕೂರ್ಸೂದು ಬೇಡ."

ಅಧ್ಯಕ್ಷರು ನಕ್ಕರು. "ಮಗಳು ಮನೇಲಿ ಪಾಠ ಮಾಡಿ ಕಳ್ಸಿದ್ದು ಕಾಣ್ತದೆ" ಎಂದರು. ಉಳಿದವರೂ ನಕ್ಕರು. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವ ವಿಚಾರವೂ ಇಲ್ಲ. ನನ್ನನ್ನು ಕಂಡು ನಗಲಿ, ನನಗೆ ರೂಢಿಯಾಗಿದೆ. ಜೀವಮಾನದಲ್ಲಿ ಮೊದಲ ಸಲ ತಪ್ಪಾಯಿತು ಎಂದ ಮುದುಕನನ್ನು ಕಂಡು ನಕ್ಕರು.

ಮುಂದಿನ ವಾರ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಪಾಯ ಅಗೆಯಲು ಶುರುಮಾಡಿದರು. ನಾನು ಕಾಗದ ಬರೆದೆ. ಆ ಕಟ್ಟಡ ಎದ್ದರೆ ಅದರೊಳಗೆ ನಾನು ಒಂದು ಪಾಠವನ್ನೂ ಮಾಡುವುದಿಲ್ಲ, ಒಂದು ಮಗುವನ್ನೂ ಕರೆದುಕೊಂಡು ಹೋಗುವುದಿಲ್ಲ ಎಂದು ಬರೆದು, ಪದರುಗಳ ಚಿತ್ರ ಬಿಡಿಸಿ, ಸಹಿ ಹಾಕಿ, ಹೆಡ್‌ಮಾಸ್ತರಿಗೂ ಶಿಕ್ಷಣಾಧಿಕಾರಿಗಳಿಗೂ ಕೊಟ್ಟೆ. ಹೆಡ್‌ಮಾಸ್ತರು ಕೈ ಮುಗಿದರು. "ನೋಟಿಸ್ ಬತ್ತು ಅಕ್ಕೋರೆ, ಕೆಲ್ಸಕ್ಕೇ ತೊಂದ್ರೆ ಆಗ್ತು" ಎಂದರು. ಬರಲಿ ಎಂದೆ. ಬಂತು. ಕಾರಣ ಕೇಳಿದ್ದರು, ನಾಲ್ಕು ಪುಟ ಕಾರಣ ಕೊಟ್ಟೆ. ಹಠಮಾರಿ ಎಂದರು. ಹೌದು, ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಆದರೆ ಆ ಮೊಲ ನಿಜಕ್ಕೂ ಕುಂಟುತ್ತಿತ್ತು, ನೋಡಲು ಯಾರೂ ತಯಾರಿರಲಿಲ್ಲ.

ಪಾಯಕ್ಕೆ ಕಲ್ಲು ಕೂರಿಸುವ ದಿನ ಮೊದಲ ಬಸ್ಸಿಗೇ ಅಪ್ಪ ಬಂದರು. ನನಗೆ ಹೇಳಿರಲಿಲ್ಲ. ಯಾರನ್ನೂ ಮಾತಾಡಿಸದೆ ಸೀದಾ ಪಾಯದ ಗುಂಡಿಗೆ ಇಳಿದು, ತಲೆಗೆ ಟವೆಲ್ ಸುತ್ತಿಕೊಂಡು ಕೂತರು. ನಮ್ಮ ಕಡೆ ಗುಂಡಿಯಲ್ಲಿ ಆಳು ಇರುವಾಗ ಮೇಲಿನವರು ಒಂದು ಹರಳನ್ನೂ ಒಳಗೆ ಬೀಳಿಸಬಾರದು. ಅವನು ತಾನಾಗಿ ಹತ್ತಿ ಬರುವವರೆಗೆ ಕಾಯಬೇಕು. ಬಾವಿ ಕೆಲಸ ಬಲ್ಲ ಯಾರೂ ಇದನ್ನು ಮೀರುವುದಿಲ್ಲ.

"ಎತ್ತಿ ಆಚೆ ಕೂರ್ಸ್ರೋ" ಎಂದು ಅಧ್ಯಕ್ಷರು ಕೂಗಿದರು.

ಮೇಸ್ತ್ರಿ ಕಾಗಾಲದವನು. ಕರಣಿ ಕೆಳಗಿಟ್ಟು ಹೇಳಿದ. "ಗುಂಡಿಲಿ ಆಳು ಇರೂವಾಗ ನಾವು ಕೈ ಹಚ್ಚೂದಿಲ್ಲ. ನನ್ನ ಹೆಂಡ್ತಿ ತವರಿನ ಬಾವಿ ತೋಡ್ದವ್ರು ಇವ್ರು. ಅವ್ರಾಗೇ ಮೇಲೆ ಬರ್ಲಿ."

ಅವರು ಬರಲಿಲ್ಲ. ಬಿಸಿಲೇರಿತು. ಬಿಸಿಯೂಟದ ಹೆಂಗಸರು ಅನ್ನ ಸಾರು ತಂದು ಗುಂಡಿಯೊಳಕ್ಕೆ ಕೊಟ್ಟರು, ಅಪ್ಪ ಅಲ್ಲೇ ಕೂತು ಉಂಡರು. ಸಂಜೆ ಕೆಲಸದವರೆಲ್ಲ ಹೋದಮೇಲೆ ಎದ್ದು ನನ್ನ ಮನೆಗೆ ಬಂದರು, ಮಾರನೇ ದಿನ ಕೆಲಸದವರಿಗಿಂತ ಮೊದಲೇ ಹೋಗಿ ಕೂತರು. ಊರಿಗೆಲ್ಲ ಸುದ್ದಿಯಾಯಿತು. ಮಕ್ಕಳ ತಾಯಂದಿರು ಒಬ್ಬೊಬ್ಬರಾಗಿ ನೋಡಲು ಬಂದರು. ಒಬ್ಬಾಕೆ ಗುಂಡಿಯ ಅಂಚಿಗೆ ಬಂದು "ಎಂತ ಕಂಡ್ರಿ ಅಜ್ಜಾ ನೀವು?" ಎಂದು ಕೇಳಿದಳು.

"ನಾ ಹೇಳಿದ್ದು ಒಂದ್ಸಲ ತಪ್ಪಾಗದೆ. ನನ್ನ ಮಾತು ನಂಬೂದು ಬೇಡ. ನೀವೇ ನೀರು ಹೊಯ್ದು ಕಾಣಿ" ಎಂದರು ಅಪ್ಪ.

ಆಕೆ ಶಾಲೆಯ ನಲ್ಲಿಯಿಂದ ಕೊಡ ತುಂಬಿಕೊಂಡು ಗುಡ್ಡ ಹತ್ತಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಸ್ವಲ್ಪ ಹೊತ್ತಿನಲ್ಲಿ ಗುಡ್ಡದ ಹಾದಿ ತುಂಬ ಕೊಡ ಹೊತ್ತ ಹೆಂಗಸರು. ಮೇಲೆ ಹೊಯ್ದ ನೀರು ಕೆಳಗೆ ಪಾಯದ ಗುಂಡಿಗೇ ಹರಿದು ಬಂತು, ಅಪ್ಪನ ಪಾದ ಮುಳುಗುವಷ್ಟು. ಎಲ್ಲರೂ ಆ ಲೋಳೆಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಅಧ್ಯಕ್ಷರ ಸೊಸೆಯೂ ತಿಕ್ಕಿ ನೋಡಿದಳು. ನಾನು ನಾಲ್ಕು ಪುಟದಲ್ಲಿ ಬರೆದದ್ದು ಅವರಿಗೆ ಎರಡು ಬೆರಳಲ್ಲಿ ತಿಳಿಯಿತು. ಕಟ್ಟಡ ಅಲ್ಲಿಯೇ ಆದರೆ ಮಕ್ಕಳನ್ನು ಕಳಿಸುವುದಿಲ್ಲ ಎಂದು ಅವರು ಹೆಡ್‌ಮಾಸ್ತರ ಬಾಗಿಲಲ್ಲಿ ನಿಂತು ಹೇಳಿದರು. ಇಂಜಿನಿಯರು ಮತ್ತೆ ಬಂದರು. ಈ ಸಲ ಕಲ್ಲಿಗೆ ಒದೆಯಲಿಲ್ಲ. ಗುಂಡಿ ಮುಚ್ಚಿಸಿ, ಮುಂದಿನ ಅಂಗಳದಲ್ಲಿ ಹೊಸ ಗೆರೆ ಎಳೆಸಿದರು.

ವಾಲಿಬಾಲ್ ಕೋರ್ಟು ಹೋಯಿತು. ಹುಡುಗರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ತಿರುಗಿಸಲಿ, ತಿರುಗಿಸಲು ಕುತ್ತಿಗೆಯಾದರೂ ಗಟ್ಟಿಯಿದೆಯಲ್ಲ ಎಂದುಕೊಂಡೆ.

ಅದಾಗಿ ಎಷ್ಟೋ ಮಳೆಗಾಲ ಕಳೆದಿವೆ. ಗುಡ್ಡ ಬಿದ್ದಿಲ್ಲ. ಬುಡದಲ್ಲಿ ಪ್ರತಿ ಮಳೆಗೆ ನಾಲ್ಕು ಚಪ್ಪಡಿ ಉದುರುವುದು ಬಿಟ್ಟರೆ ಏನೂ ಆಗಿಲ್ಲ. ಪೇಟೆಯಲ್ಲಿ ಸಿಕ್ಕವರು "ಅಕ್ಕೋರೆ, ನಿಮ್ಮ ಗುಡ್ಡ ಯಾವಾಗ ಬೀಳೂದು?" ಎಂದು ಕೆಣಕುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಹೇಳುತ್ತೇನೆ, ಆಕಾಶಕ್ಕೆ ಮುಟ್ಟುವ ಬೆಟ್ಟಸಾಲು ಒಂದು ಗುರುತಿಲ್ಲದಂತೆ ಇಳಿದುಹೋದ ಜಾಗ ಇದು, ಉಳಿದ ಈ ತುಂಡೂ ಇಳಿಯುತ್ತದೆ, ನಾಳೆಯೋ ನನ್ನ ಮರಿಮಕ್ಕಳ ಕಾಲಕ್ಕೋ. ಅದು ಬಿದ್ದು ನನ್ನ ಮಾತು ನಿಜವಾಗಲಿ ಎಂದು ನಾನು ಒಂದು ದಿನವೂ ಬಯಸಿಲ್ಲ. ಬೀಳದೆ ನಿಂತರೂ ಅಂದು ನಾನು ಹೇಳಿದ್ದು ಸರಿಯೇ.

ಕಳೆದ ಆಷಾಢದಲ್ಲಿ ಜೋರು ಮಳೆ. ಅಧ್ಯಕ್ಷರು, ಈಗ ಮಾಜಿ, ಮೊಮ್ಮಗಳನ್ನು ಕರೆದೊಯ್ಯಲು ಕೊಡೆ ಹಿಡಿದು ಬಂದಿದ್ದರು. ಹೊಸ ಕಟ್ಟಡದ ಜಗಲಿಯಲ್ಲಿ ನನ್ನ ಪಕ್ಕ ನಿಂತು, ಶಾಲೆಯ ಹಿಂದೆ ನೆನೆಯುತ್ತಿದ್ದ ಗೋಡೆಯ ಕಡೆ ಗದ್ದ ಎತ್ತಿ ತೋರಿಸಿದರು.

"ಅಷ್ಟೆಲ್ಲ ಗಲಾಟೆ ಮಾಡಿದ್ರಿ. ಕಡೆಗೆ ಎಂತ ಆತು ಅಕ್ಕೋರೆ? ಎಂತದೂ ಆಗ್ಲಿಲ್ಲ."

"ಹೌದು, ಎಂತದೂ ಆಗಲಿಲ್ಲ" ಎಂದೆ. "ಎಂತದೂ ಆಗಬಾರದು ಅಂತಲೇ ಅಪ್ಪ ಆ ಗುಂಡಿಯಲ್ಲಿ ಕೂತದ್ದು."

ಒಳಗೆ ಗಂಟೆ ಹೊಡೆಯಿತು. ಅವರ ಮೊಮ್ಮಗಳು ಚೀಲ ಹೆಗಲಿಗೆ ಹಾಕಿಕೊಂಡು ಓಡಿ ಬಂದು ಅಜ್ಜನ ಕೈ ಹಿಡಿದಳು.